ನಮ್ಮೂರ ಕಥೆ, ಭಾಗ 6: ಹಲಸಿನ ಮರ ಮತ್ತು 80 ಮೀಟರ್ ಕೇಬಲ್

ಫೋಟೋದಲ್ಲಿ ತೋಟದ ಅಂಚಿಗೆ ಕಪ್ಪು ಪೈಪ್ ಕಾಣ್ತಿದೆಯಲ್ಲ, ಅದರಲ್ಲಿ ಹರಿಯೋದು ನೀರಲ್ಲ. ಒಳಗಿರೋದು ಟಿವಿ ಕೇಬಲ್. ಅಂಬ್ಲಿಗೊಳದಲ್ಲಿ ನಮ್ಮ ಅಜ್ಜನ ಮನೆಯ ಡಿಶ್ ಇರೋದು ಕಣದಲ್ಲಿ, ಮನೆಯಿಂದ 80 ಮೀಟರ್ ದೂರ. ಮಾಡಿನ ಮೇಲೆ ಯಾಕೆ ಹಾಕಿಲ್ಲ ಅಂತೀರಾ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಕರ್ನಾಟಕದ ಹಳ್ಳಿಗಳಿಗೆ ಡಿಶ್ ಮೊದಲು ಬಂದಿದ್ದು 1975ರಲ್ಲಿ, ನಮ್ಮ ಕಡೆಗಲ್ಲ, ರಾಯಚೂರು, ಗುಲ್ಬರ್ಗಾ, ಬಿಜಾಪುರ ಕಡೆಗೆ. ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎಟಿಎಸ್-6 ಉಪಗ್ರಹ ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಇಸ್ರೋ ಟಿವಿ ತೋರಿಸಿತು. ಹೆಸರು 'ಸೈಟ್'. ಡಿಶ್ ಸುಮಾರು 3 ಮೀಟರ್ ಅಗಲ, ಮಾಡಿದ್ದು ಕೋಳಿ ಗೂಡಿಗೆ ಹಾಕೋ ತಂತಿ ಬಲೆಯಿಂದ! ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಕೃಷಿ, ಆರೋಗ್ಯ. ಇಡೀ ಊರಿಗೆ ಒಂದೇ ಟಿವಿ. 1976ರ ಜುಲೈ 31ಕ್ಕೆ ಮುಗೀತು, ಉಪಗ್ರಹ ವಾಪಸ್ ಹೋಯ್ತು.

1994ರಲ್ಲಿ ಉದಯ ಟಿವಿ ಬಂದಾಗ ಪೇಟೆಯಲ್ಲಿ ಕೇಬಲ್‌ನೋರು ಒಂದು ದೊಡ್ಡ ಡಿಶ್ ಇಟ್ಟು ಮನೆಮನೆಗೆ ವೈರ್ ಎಳೀತಿದ್ರು. ಮನೆಗಳು ಒತ್ತೊತ್ತಾಗಿದ್ರೆ ಮಾತ್ರ ಅದು ಗಿಟ್ಟುತ್ತೆ. ತೋಟದೊಳಗಿನ ಒಂಟಿ ಮನೆಗೆ ಯಾರು ಎಳೀತಾರೆ? ನಮ್ಮಂಥೋರಿಗೆ ದಾರಿಯಾಗಿದ್ದು 2004ರ ಕೊನೆಗೆ ಶುರುವಾದ ಡಿಡಿ ಡೈರೆಕ್ಟ್ ಪ್ಲಸ್. ಚಿಕ್ಕ ಡಿಶ್, ತಿಂಗಳ ಬಾಡಿಗೆ ಇಲ್ಲ.

ತಕರಾರು ಶುರುವಾಗಿದ್ದು ಆಗಲೇ. ಈ ಉಪಗ್ರಹ ಇರೋದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನಮ್ಮೂರಿಂದ ನೋಡಿದ್ರೆ ಆಗ್ನೇಯ ದಿಕ್ಕು. ಮನೆಯ ಆಗ್ನೇಯಕ್ಕೆ ಸರಿಯಾಗಿ ಅಜ್ಜಿಯ ಹಲಸಿನ ಮರ. ಹಸಿ ಎಲೆ ಸಿಗ್ನಲ್ ನುಂಗುತ್ತೆ. "ಕಡಿಸಿಬಿಡಿ, ಅರ್ಧ ಗಂಟೆ ಕೆಲಸ" ಅಂದ ಡಿಶ್ ಹಾಕೋಕೆ ಬಂದವನು. ಅಜ್ಜಿ, "ಟಿವಿ ಬ್ಯಾಡ ಬಿಡು, ಮಾರಾಯ" ಅಂದ್ರು. ಮಾವಂದಿರು ಒಂದು ವಾರ ಮುಖ ಊದಿಸಿಕೊಂಡಿದ್ರಂತೆ. ಕೊನೆಗೆ ಡಿಶ್ ಕಣಕ್ಕೆ ಹೋಯ್ತು.

ಡಿಶ್ ಮುಂದೆ ಒಂದು ಪುಟ್ಟ ಡಬ್ಬಿ ಇರುತ್ತೆ, ಎಲ್‌ಎನ್‌ಬಿ. ಉಪಗ್ರಹದಿಂದ ಬರೋ ಸಿಗ್ನಲ್‌ನ ಆವರ್ತನ ಇಂಥ ಕೇಬಲ್‌ಗೆ ತೀರಾ ಜಾಸ್ತಿ, ಸ್ವಲ್ಪ ದೂರಕ್ಕೇ ಸತ್ತುಹೋಗುತ್ತೆ. ಅದನ್ನ ಇಳಿಸಿ, ಬಲ ಹೆಚ್ಚಿಸಿ ಕಳಿಸೋದು ಈ ಡಬ್ಬಿ. ಆದ್ರೂ ಸಾಮಾನ್ಯ ಆರ್‌ಜಿ-6 ಕೇಬಲ್‌ನಲ್ಲಿ 100 ಮೀಟರ್ ಹೋಗೋಷ್ಟರಲ್ಲಿ ಉಳಿಯೋದು ನೂರರಲ್ಲಿ ಒಂದು ಪಾಲು, ಕೆಲವು ಚಾನೆಲ್‌ಗೆ ಅದಕ್ಕಿಂತಲೂ ಕಡಿಮೆ. ಅದೇ ಕೇಬಲ್‌ನಲ್ಲೇ ಡಬ್ಬಿಗೆ ಕರೆಂಟೂ ಹೋಗ್ಬೇಕು: ಕೆಲವು ಚಾನೆಲ್‌ಗೆ 13 ವೋಲ್ಟ್, ಉಳಿದವಕ್ಕೆ 18. ಈ 18 ದಾರಿಯಲ್ಲಿ ಸೋರಿ ತುಂಬಾ ಇಳಿದ್ರೆ ಡಬ್ಬಿ ಅದನ್ನ 13 ಅಂತಲೇ ತಿಳಿಯುತ್ತೆ. ಅರ್ಧ ಚಾನೆಲ್ ಮಾಯ!

ಮುಂದೆ ದುಡ್ಡು ಕೊಡೋ ಡಿಟಿಎಚ್ ಹಾಕಿಸಿದಾಗ ನಮ್ಮಲ್ಲಿ ಆಗಿದ್ದು ಅದೇ. ಎರಡು ತುಂಡು ಕೇಬಲ್ ಹೊಸೆದು ಟೇಪ್ ಸುತ್ತಿದ್ರು, ಆಷಾಢದ ಮಳೆ ಜಾಯಿಂಟ್ ಒಳಗೆ ಇಳೀತು. ಮಂಗಗಳು ಬೇರೆ ಅಡಿಕೆ ಮರದಿಂದ ಮರಕ್ಕೆ ಕಟ್ಟಿದ್ದ ವೈರ್ ಹಿಡಿದು ಉಯ್ಯಾಲೆ ಆಡ್ತಿದ್ವು. ಕೊನೆಗೆ ಸಣ್ಣ ಮಾವ ಒಳಗೆ ಪೂರ್ತಿ ತಾಮ್ರದ ತಂತಿ ಇರೋ ದಪ್ಪ ಕೇಬಲ್ ತಂದು, ಎಲ್ಲೂ ಜಾಯಿಂಟ್ ಇಲ್ಲದ ಹಾಗೆ, ತೋಟದ ಹಳೇ ಪೈಪ್ ಒಳಗೆ ತೂರಿಸಿ ನೆಲದ ಮೇಲೇ ಎಳೆದ. ಫೋಟೋದಲ್ಲಿರೋದು ಅದೇ.

ಜೋರು ಮಳೆಗೆ ಚಿತ್ರ ಈಗಲೂ ನಿಲ್ಲುತ್ತೆ, ಅದಕ್ಕೆ ಕೇಬಲ್ ಏನೂ ಮಾಡೋಕಾಗಲ್ಲ. ಅಜ್ಜಿ ಈಗಿಲ್ಲ. ಮರ ಇದೆ, ಈ ವರ್ಷ ಬುಡದಲ್ಲೇ ಕಾಯಿ ಬಿಟ್ಟಿದೆ. ಎರಡನೇ ಫೋಟೋ ನೋಡಿ.

ನಿಮ್ಮನೇಲಿ ಡಿಶ್‌ಗೋಸ್ಕರ ಮರ ಕಡಿದಿದ್ದಾರಾ? ಕಾಮೆಂಟಲ್ಲಿ ಹೇಳಿ.