ಮುಳ್ಳೂರಿನ ಬಸದಿಗಳ ಮುಂದೆ

ಶನಿವಾರಸಂತೆಗೆ ಆ ಹೆಸರು ಹೇಗೆ ಬಂದಿತೆಂದು ಯಾರೂ ವಿವರಿಸಬೇಕಾಗಿಲ್ಲ. ಕೊಡಗಿನ ಉತ್ತರದ ಅಂಚಿನಲ್ಲಿರುವ ಆ ಊರಿನಲ್ಲಿ ಒಮ್ಮೆ ಸಂತೆಯ ದಿನ ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ಒಬ್ಬ ಗಿರಾಕಿ ಶುಂಠಿಯನ್ನು ಮುರಿದು ಮೂಸಿದ, ಮೆಣಸಿನ ಕಾಳನ್ನು ಉಗುರಿನಿಂದ ಒತ್ತಿ ನೋಡಿದ. ಅದೇ ಗಿರಾಕಿ ಪರಿಚಯದ ಅಂಗಡಿಗೆ ಹೋದಾಗ ಮಾತ್ರ ಚೀಲದ ಬಾಯಿಯನ್ನೂ ಬಿಚ್ಚಿಸಲಿಲ್ಲ. “ನೀವು ಹೇಳಿದಿರಲ್ಲ, ಸಾಕು” ಎಂದು ಹಣ ಎಣಿಸಿಕೊಟ್ಟ. ಪರೀಕ್ಷೆ ಎಲ್ಲಿಯವರೆಗೆ, ನಂಬಿಕೆ ಎಲ್ಲಿಂದ? ದರ್ಶನಶಾಸ್ತ್ರದ ಬಹು ಹಳೆಯ ಪ್ರಶ್ನೆಯೊಂದು ಸಂತೆಯ ಗದ್ದಲದಲ್ಲಿ ಹೀಗೆ ನನ್ನ ಮುಂದೆ ಸುಳಿದು ಹೋಯಿತು.

ಆ ಪ್ರಶ್ನೆಯೊಡನೆಯೇ ನಾನು ಸಮೀಪದ ಮುಳ್ಳೂರಿಗೆ ಹೋದೆ. ಅಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಮೂರು ಬಸದಿಗಳಿವೆ. ಇವು ಕೊಂಗಾಳ್ವರ ಕಾಲದವು. ಸುಮಾರು 1004ರಲ್ಲಿ ಪನಸೋಗೆಯ ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಚೋಳ ರಾಜರಾಜನು ಮನಿಜನೆಂಬ ವೀರನಿಗೆ ಕೊಂಗಾಳ್ವನೆಂಬ ಬಿರುದನ್ನೂ ಮಾಳವ್ವಿಯನ್ನೂ, ಎಂದರೆ ಇಂದಿನ ಮಾಲಂಬಿಯನ್ನೂ ಕೊಟ್ಟನು. ಹೀಗೆ ಹುಟ್ಟಿದ ಮನೆತನ ಜೈನಧರ್ಮವನ್ನು ಆಶ್ರಯಿಸಿತು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಇಲ್ಲಿ ಬಸದಿಯನ್ನು ಕಟ್ಟಿಸಿದಳು. 1058ರ ಶಾಸನ ಆ ಧರ್ಮಕಾರ್ಯಗಳನ್ನು ಹೇಳುತ್ತದೆ. ಅವಳ ಗುರು ಗುಣಸೇನ ಪಂಡಿತರು. ದ್ರವಿಳ ಗಣ, ನಂದಿ ಸಂಘ, ಅರುಂಗಳಾನ್ವಯದ ಈ ಯತಿಗಳು 1064ರಲ್ಲಿ ತೀರಿಕೊಂಡರು. ಈ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಲ್ಲಿ ‘ಕೂರ್ಗ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟದಲ್ಲಿ ಪ್ರಕಟಿಸಿದರು.

ಗುರುವಿನ ಮಾತನ್ನು ನಂಬಿ ಕಲ್ಲಿನ ಬಸದಿ ಕಟ್ಟಿಸಿದ ರಾಜಮಾತೆ ಒಂದು ಕಡೆ. ವಾದವಿದ್ಯೆಯನ್ನೇ ಉಸಿರಾಗಿಸಿಕೊಂಡಿದ್ದ ಪರಂಪರೆಯ ಗುರು ಇನ್ನೊಂದು ಕಡೆ. ಅರುಂಗಳಾನ್ವಯದವರು ತಮ್ಮ ಹಿರಿಯರ ಸಾಲಿನಲ್ಲಿ ಸಮಂತಭದ್ರರನ್ನೂ ಅಕಲಂಕರನ್ನೂ ಸ್ಮರಿಸುತ್ತಿದ್ದರು. ಸಮಂತಭದ್ರರು ಪಾಟಲೀಪುತ್ರ, ಮಾಳವ, ಕಾಂಚಿಗಳಲ್ಲಿ ವಾದದ ಭೇರಿ ಹೊಡೆದರೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಕೊಂಡಾಡುತ್ತದೆ.

ಅವರ ‘ಆಪ್ತಮೀಮಾಂಸೆ’ 114 ಶ್ಲೋಕಗಳ ಒಂದು ಸ್ತೋತ್ರ. ಆದರೆ ಎಂಥ ಸ್ತೋತ್ರ! ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರದ ವೈಭವ, ಇವೆಲ್ಲ ಇಂದ್ರಜಾಲದವರಲ್ಲಿಯೂ ಕಾಣುತ್ತವೆ. ಆದ್ದರಿಂದ ಜಿನನು ನಮಗೆ ದೊಡ್ಡವನಾಗುವುದು ಇವುಗಳಿಂದಲ್ಲ ಎಂದು ಭಕ್ತನೇ ತನ್ನ ಆರಾಧ್ಯನ ಮುಂದೆ ನಿಂತು ಮೊದಲು ಮಾಡುತ್ತಾನೆ. ಪವಾಡವನ್ನು ಸಾಕ್ಷಿಯ ಕಟಕಟೆಯಿಂದ ಇಳಿಸಿದ ಮೇಲೆ ಉಳಿಯುವುದು ಒಂದೇ ಒರೆಗಲ್ಲು: ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಲ್ಲದ ಮಾತು ಯಾರದೋ ಅವನೇ ಆಪ್ತ.

ನಂಬಿಕೆ ಮತ್ತು ಯುಕ್ತಿಗಳ ಗಡಿ ಯಾವುದು? ಅದನ್ನೂ ಅವರು ಅದೇ ಕೃತಿಯಲ್ಲಿ ಕೇಳಿಕೊಳ್ಳುತ್ತಾರೆ. ಎಲ್ಲವೂ ಹೇತುವಿನಿಂದಲೇ ಸಿದ್ಧವಾಗಬೇಕೆಂದರೆ ಪ್ರತ್ಯಕ್ಷ ಮೊದಲಾದವುಗಳಿಗೆ ಕೆಲಸವಿಲ್ಲದಂತಾಗುತ್ತದೆ. ಎಲ್ಲವೂ ಆಗಮದಿಂದಲೇ ಎಂದರೆ, ಒಂದಕ್ಕೊಂದು ವಿರುದ್ಧವಾದ ಮತಗಳೆಲ್ಲವೂ ನಿಜವಾಗಬೇಕಾಗುತ್ತದೆ, ಏಕೆಂದರೆ ಆಗಮ ಎಲ್ಲರ ಬಳಿಯೂ ಇದೆ. ಅವರ ತೀರ್ಪು ಇದು: ಹೇಳುವವನು ಆಪ್ತನಲ್ಲದಿದ್ದರೆ ಮಾತನ್ನು ಯುಕ್ತಿಯಿಂದ ಸಾಧಿಸಬೇಕು, ಆಪ್ತನಾಗಿದ್ದರೆ ಅವನ ವಾಕ್ಯದಿಂದಲೇ ಸಾಧಿಸಬಹುದು. ಸಂತೆಯ ಗಿರಾಕಿ ಮಾಡಿದ್ದು ಇದನ್ನೇ ಅಲ್ಲವೆ?

ಜೈನರಲ್ಲಿ ಸಮ್ಯಗ್ದರ್ಶನ, ಎಂದರೆ ಸರಿಯಾದ ಶ್ರದ್ಧೆ, ಸಮ್ಯಗ್ಜ್ಞಾನಕ್ಕಿಂತ ಮೊದಲು ಎಣಿಸಲ್ಪಡುತ್ತದೆ. ಆದರೆ ಸಮಂತಭದ್ರರ ಹೆಸರಿನಲ್ಲಿರುವ ‘ರತ್ನಕರಂಡಕ ಶ್ರಾವಕಾಚಾರ’ ಆ ಶ್ರದ್ಧೆ ಮೂರು ಮೂಢತೆಗಳಿಂದ ಬಿಡುಗಡೆ ಹೊಂದಿರಬೇಕೆನ್ನುತ್ತದೆ. ಪುಣ್ಯವೆಂದು ಹೊಳೆಯಲ್ಲಿ ಮುಳುಗುವುದು, ಮರಳು ಕಲ್ಲುಗಳನ್ನು ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಹಾರುವುದು, ಇವೆಲ್ಲ ಲೋಕಮೂಢತೆ. ಶ್ರದ್ಧೆಗೂ ಕುರುಡುತನಕ್ಕೂ ನಡುವೆ ಗೆರೆ ಎಳೆದವನು ನಾಸ್ತಿಕನಲ್ಲ, ಶ್ರದ್ಧಾವಂತನೇ.

ಮುಳ್ಳೂರಿನ ಶಾಸನದ ಕಾಲದಲ್ಲಿಯೇ, ಸುಮಾರು 1058ರಲ್ಲಿ, ಪಾರಸೀಕ ದೇಶದಲ್ಲಿ ಅಲ್ ಗಜಾಲಿ ಹುಟ್ಟಿದರು. ತತ್ತ್ವಜ್ಞಾನಿಗಳ ತರ್ಕವನ್ನು ತರ್ಕದಿಂದಲೇ ಮುರಿದು ಶ್ರದ್ಧೆಗೆ ಸ್ಥಳ ಮಾಡಿಕೊಟ್ಟವರು ಅವರು. ಅದೇ ಶತಮಾನದಲ್ಲಿ ಯೂರೋಪಿನ ಆನ್ಸೆಲ್ಮ್ ಶ್ರದ್ಧೆಯೇ ಅರಿವನ್ನು ಹುಡುಕಿಕೊಂಡು ಹೊರಡುತ್ತದೆಂದು ತಿಳಿದು, ದೇವರ ಇರವನ್ನು ತರ್ಕದಿಂದ ಸಾಧಿಸಲು ತೊಡಗಿದರು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಾರದು. ಪ್ರಶ್ನೆ ಮಾತ್ರ ಒಂದೇ.

ಇಲ್ಲಿ ಒಂದು ಆಕ್ಷೇಪವನ್ನು ನಾನು ಮುಚ್ಚಿಡಲಾರೆ. ಸಮಂತಭದ್ರರ ಪರೀಕ್ಷೆ ಕೊನೆಗೆ ಅವರು ಮೊದಲೇ ಪೂಜಿಸುತ್ತಿದ್ದವನಲ್ಲಿಯೇ ಹೋಗಿ ನಿಂತಿತು. ಉತ್ತರ ಮೊದಲೇ ಗೊತ್ತಿದ್ದ ಪರೀಕ್ಷೆ ಪರೀಕ್ಷೆಯೆ? ಇದಕ್ಕೆ ಪೂರ್ಣ ಸಮಾಧಾನ ನನಗೆ ದೊರೆತಿಲ್ಲ. ಆದರೂ ಒಂದು ಮಾತು: ಒರೆಗಲ್ಲನ್ನು ಎಲ್ಲರ ಎದುರಿಗೆ ಇಟ್ಟವನು ಅದನ್ನು ಎದುರಾಳಿಯ ಕೈಗೂ ಕೊಟ್ಟಂತಾಯಿತು. ಬೌದ್ಧನೋ ಮೀಮಾಂಸಕನೋ ಅದರಿಂದಲೇ ಜಿನವಚನವನ್ನು ಉಜ್ಜಿ ನೋಡಬಹುದು, ನೋಡಿದರು ಕೂಡ. ಅದಕ್ಕೆ ಉತ್ತರ ಹೇಳುತ್ತಲೇ ಅಕಲಂಕರ ‘ಅಷ್ಟಶತಿ’, ವಿದ್ಯಾನಂದರ ‘ಅಷ್ಟಸಹಸ್ರಿ’ ಎಂಬ ವ್ಯಾಖ್ಯಾನಗಳು ಬೆಳೆದವು. ಪ್ರಶ್ನೆಗೆ ಬಾಗಿಲು ಮುಚ್ಚಿದ ನಂಬಿಕೆ ಇಷ್ಟು ಗ್ರಂಥಗಳನ್ನು ಹೆರುತ್ತಿರಲಿಲ್ಲ.

ಪೋಚಬ್ಬರಸಿ ಆಪ್ತಮೀಮಾಂಸೆಯನ್ನು ಓದಬೇಕಾಗಿರಲಿಲ್ಲ. ಓದಬಲ್ಲ ಗುರುವನ್ನು ಅವಳು ನಂಬಿದಳು. ನಾವೂ ವೈದ್ಯರ ಚೀಟಿಯನ್ನು, ಪಂಚಾಂಗದ ಗ್ರಹಣವನ್ನು ಹೀಗೆಯೇ ನಂಬುತ್ತೇವೆ. ನಂಬಿದ್ದರಲ್ಲಿ ತಪ್ಪಿಲ್ಲ. ನಂಬಿಸಿಕೊಂಡವನು ಪರೀಕ್ಷೆಗೆ ಸಿದ್ಧನೆ ಎಂಬುದನ್ನು ಮಾತ್ರ ಕೇಳುತ್ತಿರಬೇಕು. ಗುಣಸೇನ ಪಂಡಿತರು ಮುಳ್ಳೂರಿನಲ್ಲಿ ಒಂದು ಬಾವಿಯನ್ನೂ ತೋಡಿಸಿದರೆಂದು ಅಲ್ಲಿಯ ಶಾಸನವೊಂದು ಹೇಳುತ್ತದೆ. ನೀರು ಸಿಹಿಯೋ ಉಪ್ಪೋ ಎಂಬುದನ್ನು ಸೇದಿ ಕುಡಿದವರೇ ಹೇಳಬೇಕಾಗಿತ್ತು. ಅದಕ್ಕೆ ಪಂಡಿತರ ಅಡ್ಡಿ ಇದ್ದಿರಲಾರದು.