ವಡೋದರದ ‘ಮರಿ’ ತಿಮಿಂಗಿಲ

ವಡೋದರದ ಸಯಾಜಿಬಾಗ್ ಉದ್ಯಾನದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಮ್ಯೂಸಿಯಮ್ ಇದೆ. ಕಟ್ಟಡ ಪೂರ್ಣವಾದದ್ದು 1894ರಲ್ಲಿ. ಮೊಘಲ್ ಕಾಲದ ಚಿತ್ರಗಳು, ಈಜಿಪ್ಟಿನ ಮಮ್ಮಿ ಎಲ್ಲವೂ ಅಲ್ಲಿವೆ. ಆದರೆ ಮಕ್ಕಳು ಬಾಯಿಬಿಟ್ಟು ನಿಲ್ಲುವುದು ಒಂದು ನೀಲಿ ತಿಮಿಂಗಿಲದ ಅಸ್ಥಿಪಂಜರದ ಮುಂದೆ. ಉದ್ದ ಸುಮಾರು 22 ಮೀಟರ್. 1944ರಲ್ಲಿ ಬಿರುಗಾಳಿಗೆ ಸಿಕ್ಕಿ ಮಹಿ ನದಿಯ ಅಳಿವೆಗೆ ಬಂದು ಬಿದ್ದ ಪ್ರಾಣಿ ಅದು.

ಅಹಮದಾಬಾದಿನ ಸಾಬರಮತಿ, ವಡೋದರದ ಪಕ್ಕದ ಮಹಿ, ಸೂರತ್ತಿನ ತಾಪಿ, ಮೂರೂ ಸೇರುವುದು ಖಂಭಾತ್ ಕೊಲ್ಲಿಯನ್ನೇ. ಅಲ್ಲಿ ಭರತದ ನೀರು ಹತ್ತು ಮೀಟರಿನವರೆಗೂ ಏರುತ್ತದೆ. ಭರತದೊಂದಿಗೆ ಒಳಬಂದ ತಿಮಿಂಗಿಲ ಇಳಿತದಲ್ಲಿ ಕೆಸರಿನ ಮೇಲೆ ಉಳಿದರೆ, ಅದರ ಮೈಭಾರವೇ ಅದರ ಉಸಿರನ್ನು ಅದುಮುತ್ತದೆ.

ಪ್ರವಾಸಿ ಬರಹಗಳು ಈ ಅಸ್ಥಿಪಂಜರವನ್ನು ‘ಮರಿ’ಯದು ಎನ್ನುತ್ತವೆ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು 30 ಮೀಟರಿನ ಹತ್ತಿರಕ್ಕೂ ಬೆಳೆಯುತ್ತವೆ. ಆ ಅಳತೆಗೋಲಿನಲ್ಲಿ 22 ಸಣ್ಣದೇ. ಆದರೆ ನೀಲಿ ತಿಮಿಂಗಿಲದ ಮರಿ ಹುಟ್ಟುವಾಗ ಏಳೆಂಟು ಮೀಟರ್, ಹಾಲು ಬಿಡುವಾಗ ಸುಮಾರು 16. ಅಲ್ಲದೆ ಉತ್ತರ ಹಿಂದೂ ಮಹಾಸಾಗರದ ನೀಲಿ ತಿಮಿಂಗಿಲಗಳು ಗಿಡ್ಡ ತಳಿಯವು. 24 ಮೀಟರ್ ದಾಟುವುದು ಅಪರೂಪ. ಹಾಗೆ ನೋಡಿದರೆ ಈ ‘ಮರಿ’ ಬೆಳೆದು ನಿಂತ ಪ್ರಾಣಿಯೇ ಇರಬೇಕು.

ಈ ತಿಳಿವಳಿಕೆಯ ಒಂದು ಭಾಗ ಬಂದದ್ದು ಕೊಲೆಯ ಲೆಕ್ಕದಿಂದ. 1963ರಿಂದ 1966ರವರೆಗೆ ಅಂಟಾರ್ಕ್ಟಿಕಕ್ಕೆ ಹೋಗಿಬರುವ ಸೋವಿಯೆತ್ ಬೇಟೆ ಹಡಗುಗಳು ಅರಬ್ಬೀ ಸಮುದ್ರ ಮತ್ತು ಸುತ್ತಲಿನ ಸಾಗರದಲ್ಲಿ ನಿಯಮ ಮೀರಿ ಸುಮಾರು 1,300 ನೀಲಿ ತಿಮಿಂಗಿಲಗಳನ್ನು ಕೊಂದವು. ಓಮನ್, ಪಾಕಿಸ್ತಾನ, ವಾಯವ್ಯ ಭಾರತದ ಕರಾವಳಿಯಾಚೆ ಸುಮಾರು 240 ಹಂಪ್‌ಬ್ಯಾಕ್‌ಗಳೂ ಬಲಿಯಾದವು. ನಿಜವಾದ ಲೆಕ್ಕ ಹೊರಬಿದ್ದದ್ದು 1990ರ ದಶಕದಲ್ಲಿ, ಆ ಹಡಗುಗಳಲ್ಲಿದ್ದ ವಿಜ್ಞಾನಿ ಯೂರಿ ಮಿಖಾಲೆವ್ ಬರೆದಾಗ. ಸತ್ತ ಹಂಪ್‌ಬ್ಯಾಕ್‌ಗಳ ಹೊಟ್ಟೆಯ ಆಹಾರ ಮತ್ತು ಭ್ರೂಣಗಳ ಗಾತ್ರ ನೋಡಿ, ಅವು ವಲಸೆ ಬಂದವಲ್ಲ, ವರ್ಷವಿಡೀ ಇದೇ ಕಡಲಲ್ಲಿ ಬಾಳುವವು ಎಂದು ಗೊತ್ತಾಯಿತು. ಆ ಹೊತ್ತಿಗೆ ಅವುಗಳ ಸಂಖ್ಯೆ ಕುಸಿದಿತ್ತು. ಮುಂದೆ ಓಮನ್ ಕರಾವಳಿಯಲ್ಲಿ ನಡೆದ ಅಧ್ಯಯನದ ಅಂದಾಜು ಕೇವಲ 82.

ಫಿನ್ ತಿಮಿಂಗಿಲದ ಕಥೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಗಾತ್ರದಲ್ಲಿ ನೀಲಿಯ ನಂತರದ್ದು ಅದೇ. ಭಾರತದ ತೀರಕ್ಕೆ ಬಂದು ಬಿದ್ದ ಎಷ್ಟೋ ದೇಹಗಳನ್ನು ಹಿಂದೆ ‘ಫಿನ್’ ಎಂದು ಬರೆದಿಟ್ಟರು. ಅವುಗಳಲ್ಲಿ ಹಲವು ಬ್ರೈಡ್ಸ್ ಅಥವಾ ನೀಲಿ ತಿಮಿಂಗಿಲಗಳಿರಬಹುದೆಂಬ ಸಂಶಯ ಈಗಿದೆ. ಫಿನ್‌ನ ಬಲ ಕೆಳದವಡೆ ಬಿಳಿ, ಎಡದ್ದು ಕಪ್ಪು; ಕೊಳೆತ ಮೈಯಲ್ಲಿ ಆ ಗುರುತು ಉಳಿಯದು. ಆಗ ಮಾತಾಡಬಲ್ಲದ್ದು ಎಲುಬು ಮಾತ್ರ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂದು ತಿಮಿಂಗಿಲಗಳಿಗೆ ಮೊದಲ ಪಟ್ಟಿಯ ರಕ್ಷಣೆ ಕೊಡುತ್ತದೆ. ಆದರೆ ಯಾವ ಕಡಲಲ್ಲಿ ಯಾವ ಜಾತಿ ಎಷ್ಟಿದೆ ಎಂದು ತಿಳಿಯದೆ, ಏನು ಕಡಿಮೆಯಾಯಿತು ಎನ್ನುವುದೂ ತಿಳಿಯದು. ದೂರದ ಅಂಟಾರ್ಕ್ಟಿಕದ ಅಳತೆಯಲ್ಲಿ ಮರಿಯಾಗಿ ಕಂಡ ವಡೋದರದ ತಿಮಿಂಗಿಲವನ್ನು ಅದರ ಸ್ವಂತ ಕಡಲಿನ ಅಳತೆಯಲ್ಲಿ ನೋಡುವುದು ಆ ಲೆಕ್ಕದ ಮೊದಲ ಸಾಲು.