ಮುಂಗಡದ ಪುಸ್ತಕ, ಹಾಜರಿಯ ಪುಸ್ತಕ: ಕಾಫಿ ಮಲೆಗೆ ಆಳು ಬಂದ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಆಳು ಕೂಡಿಸುವ ಕೆಲಸ ನೂರು ವರ್ಷಕ್ಕೂ ಹೆಚ್ಚು ಕಾಲ ಮೇಸ್ತ್ರಿಯ ಕೈಯಲ್ಲಿತ್ತು. ತೋಟದ ದೊರೆಗೆ ಆಳುಗಳ ಊರು ಗೊತ್ತಿರಲಿಲ್ಲ, ಆಳುಗಳಿಗೆ ದೊರೆಯ ಮಾತು ತಿಳಿಯುತ್ತಿರಲಿಲ್ಲ. ಮೇಸ್ತ್ರಿ ಹಣ ಒಯ್ದು ಜನ ತರುತ್ತಿದ್ದ. ಕೆಲಸಕ್ಕೆ ಯಾರು ಯೋಗ್ಯರು ಎಂಬ ವಿಚಾರಣೆ ಅಷ್ಟಾಗಿ ನಡೆಯುತ್ತಿರಲಿಲ್ಲ. ಯಾರ ಮೇಲೆ ಎಷ್ಟು ಮುಂಗಡ ಬಾಕಿಯಿದೆ ಎಂಬುದೇ ದೊಡ್ಡ ವಿಚಾರಣೆ. ತೋಟದ ಕಚೇರಿಯಲ್ಲಿ ಪುಸ್ತಕಗಳು ಬೆಳೆದದ್ದೂ ಬಹುಮಟ್ಟಿಗೆ ಈ ಬಾಕಿಯ ಬೆನ್ನು ಹತ್ತಿಯೇ.

ಬಾಬಾಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಆಮೇಲಿನ ಬಹಳ ಕಾಲ ಕಾಫಿ ಹಿತ್ತಲಿನ ಗಿಡವಾಗಿಯೇ ಉಳಿಯಿತು. ಅದಕ್ಕೆಂದೇ ಹೊರಗಿನಿಂದ ಆಳು ತರಬೇಕಾಗಿರಲಿಲ್ಲ. ಗದ್ದೆ ಕೆಲಸಕ್ಕೆ ಮನೆತನದ ಆಳುಗಳಿದ್ದರು. ಮಲೆನಾಡಿನ ಈ ಭಾಗದಲ್ಲಿ ಹುಟ್ಟಾಳು, ಮಣ್ಣಾಳು ಎಂದು ಕರೆಸಿಕೊಂಡವರು ತಲೆತಲಾಂತರದಿಂದ ಒಡೆಯನ ಮನೆಗೋ ಜಮೀನಿಗೋ ಕಟ್ಟುಬಿದ್ದ ಹೊಲೆಯ ಕುಟುಂಬಗಳವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲಿ ತಪ್ಪಿದರೂ ಮದುವೆಯ ಸಾಲಕ್ಕೆ ಜೀತಕ್ಕಿರುವ ವಾಡಿಕೆ ತಪ್ಪಲಿಲ್ಲ. ಸಾಲ ಕೊಟ್ಟು ದುಡಿಮೆ ಹಿಡಿದಿಡುವ ಈ ಪದ್ಧತಿ ತೋಟಗಳಿಗಿಂತ ಹಳೆಯದು. ತೋಟದವರು ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡರು.

1830ರ ಸುಮಾರಿಗೆ ಥಾಮಸ್ ಕ್ಯಾನನ್ ಬಾಬಾಬುಡನ್ ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟ ಮಾಡಿದ. 1843ರಲ್ಲಿ ಫ್ರೆಡರಿಕ್ ಗ್ರೀನ್ ಮಂಜರಾಬಾದಿಗೆ ಬಂದ. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್‌ನಂಥವರು ಬಂದಿಳಿಯುವ ಹೊತ್ತಿಗೆ ಕಾಡು ಕಡಿದು ತೋಟ ಹಾಕುವ ಭರಾಟೆ ಶುರುವಾಗಿತ್ತು. ಮಲೆಯಲ್ಲಿ ಜನವಸತಿ ವಿರಳ. ಇದ್ದವರೂ ಬೇಕಾದ ಹೊತ್ತಿಗೆ ಸಿಗುವವರಲ್ಲ: ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿವರೆಗೆ, ಮಲೆನಾಡಿನ ಭತ್ತದ ಕುಯ್ಲೂ ಅದೇ ದಿನಗಳಲ್ಲಿ. ಗದ್ದೆಯೋ ತೋಟವೋ ಎಂಬ ಪ್ರಶ್ನೆ ಬಂದರೆ ಊರಿನ ಆಳು ಗದ್ದೆಗೇ ಹೋಗುತ್ತಿದ್ದ. ಹಾಗಾಗಿ ತೋಟಕ್ಕೆ ಬೇಕಾಗಿದ್ದದ್ದು ಬೇರೊಂದು ಬೆಳೆಯ ಪಂಚಾಂಗದಲ್ಲಿ ಬದುಕುವ ಜನ.

ಅಂಥವರು ಘಟ್ಟದ ಕೆಳಗೆ ಸಿಕ್ಕಿದರು. ದಕ್ಷಿಣ ಕನ್ನಡದಲ್ಲಿ ಏಣೆಲು ಎಂಬ ಭತ್ತದ ಬೆಳೆಯ ಕುಯ್ಲು ಮುಗಿದ ಮೇಲೆ ಭೂಮಿಯಿಲ್ಲದ ತುಳು ಕುಟುಂಬಗಳಿಗೆ ಕೆಲಸ ಕಡಿಮೆ. ಮಳೆ ನಿಂತು ದಾರಿ ಒಣಗಿದೊಡನೆ ಗುಂಪುಗಳು ಚಾರ್ಮಾಡಿ ಘಟ್ಟ ಹತ್ತಿ ಕೊಟ್ಟಿಗೆಹಾರ, ಬಣಕಲ್ ಕಡೆ ಬರುತ್ತಿದ್ದವು. ಕಳಸ, ಸಂಸೆಯ ತೋಟಗಳಿಗೆ ಕಾಡಿನ ಒಳದಾರಿಗಳೂ ಇದ್ದವು. ಹಣ್ಣು ಕುಯ್ದು, ಗಿಡ ಕಸಿ ಮಾಡಿ, ಅಗತೆ ಮುಗಿಸಿ, ಮುಂಗಾರಿಗೆ ಮುಂಚೆ ಇಳಿದುಹೋಗುವುದು ರೂಢಿ. ಇನ್ನೊಂದು ಕಡೆಯಿಂದ ಕಡೂರು, ತರೀಕೆರೆ, ಹಾಸನದ ಬಯಲುಸೀಮೆಯವರು ಬಂದರು. 1876–78ರ ಭೀಕರ ಬರ ಬಯಲಿನವರಿಗೆ ಊರಲ್ಲಿ ಬದುಕುವ ದಾರಿಯನ್ನೇ ಇಲ್ಲವಾಗಿಸಿತ್ತು. ಮುಂದೆ ತಮಿಳು ಜಿಲ್ಲೆಗಳವರೂ ಸೇರಿದರು. ಮೂಡಿಗೆರೆ, ಕಳಸದ ಸಂತೆಗಳಲ್ಲಿ ಇಂದಿಗೂ ಕನ್ನಡದ ಜೊತೆ ತುಳು ಕಿವಿಗೆ ಬೀಳುವುದಕ್ಕೆ ಈ ಹತ್ತಿ ಇಳಿಯುವ ವಾಡಿಕೆಯೂ ಒಂದು ಕಾರಣ.

ಮುಂಗಡ ಕೈ ಬದಲಾಯಿಸುತ್ತ ಇಳಿಯುತ್ತಿತ್ತು. ಮಳೆಗಾಲದಲ್ಲಿ ದೊರೆ ಮೇಸ್ತ್ರಿಗೆ ಹಣ ಎಣಿಸಿಕೊಡುತ್ತಿದ್ದ. ಮೇಸ್ತ್ರಿ ತನ್ನ ಊರಿಗೆ ಹೋಗಿ ಸಣ್ಣ ಮೇಸ್ತ್ರಿಗಳ ಮೂಲಕವೋ ತಾನೇ ನೇರವಾಗಿಯೋ ಮನೆಮನೆಗೆ ಹಂಚುತ್ತಿದ್ದ. ಮನೆಯಲ್ಲಿ ಅಕ್ಕಿ ಮುಗಿದಿರುವ, ಕೂಲಿ ಹುಟ್ಟದ ತಿಂಗಳುಗಳಲ್ಲೇ ಈ ಹಣ ಬರುತ್ತಿದ್ದುದರಿಂದ ಬೇಡವೆನ್ನುವವರು ಕಡಿಮೆ. ಪಡೆದವರು ಸುಗ್ಗಿಗೆ ತೋಟಕ್ಕೆ ಬಂದು ಕೂಲಿಯಲ್ಲಿ ಅದನ್ನು ತೀರಿಸಬೇಕು. ಮೇಸ್ತ್ರಿಗೆ ತನ್ನ ಗ್ಯಾಂಗಿನ ದುಡಿಮೆಯ ಮೇಲೆ ಕಮಿಷನ್. ಆಳು ಬಾರದೆ ಹೋದರೆ ದೊರೆಯ ಲೆಕ್ಕದಲ್ಲಿ ಸಾಲ ನಿಲ್ಲುತ್ತಿದ್ದದ್ದು ಮೇಸ್ತ್ರಿಯ ಹೆಸರಿಗೆ. ಆದ್ದರಿಂದ ಅವನು ನಂಟರಿಷ್ಟರು, ಒಂದೇ ಜಾತಿಯವರು, ಒಂದೇ ಕೇರಿಯವರು ಹೀಗೆ ತನ್ನ ಮಾತಿಗೆ ಸಿಗುವವರನ್ನೇ ಹುಡುಕುತ್ತಿದ್ದ. ದಾರಿಯ ಊಟ, ಜ್ವರ ಬಂದವನ ಆರೈಕೆ, ಜಗಳ ಬಿಡಿಸುವುದು, ಬಟವಾಡೆಯ ದಿನ ಲೆಕ್ಕ ಹೇಳುವುದು ಎಲ್ಲವೂ ಅವನದೇ. ಆಳಿನ ಕೂಲಿಯಲ್ಲಿ ಕೈಯಾಡಿಸುವ ಅವಕಾಶವೂ ಅವನಿಗೇ ಇತ್ತು. ಮೇಸ್ತ್ರಿಯನ್ನು ಬರೀ ಶೋಷಕನೆಂದು ಚಿತ್ರಿಸುವುದು ಸುಲಭ. ಆದರೆ ಗುರುತಿಲ್ಲದ ಮಲೆಗೆ ಹೊರಟ ಕುಟುಂಬಕ್ಕೆ ಗುರುತಿನವನೊಬ್ಬ ಜೊತೆಗಿರುವುದು ಸಣ್ಣ ಮಾತಾಗಿರಲಿಲ್ಲ. ಪದ್ಧತಿ ಅಷ್ಟು ಕಾಲ ಬಾಳಿದ್ದಕ್ಕೆ ಇದೂ ಕಾರಣ.

ತೋಟದವರ ತಲೆನೋವೆಂದರೆ ಮುಂಗಡ ತೆಗೆದುಕೊಂಡು ಬಾರದವರು, ಬಂದು ಅರ್ಧಕ್ಕೆ ಓಡಿದವರು. 1859ರ 13ನೇ ಕಾಯ್ದೆ ಅವರಿಗೆ ಅಸ್ತ್ರವಾಯಿತು. ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳ ಕುಶಲಕರ್ಮಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ಕಾನೂನನ್ನು ಬೇರೆ ಪ್ರದೇಶಗಳಿಗೆ ವಿಸ್ತರಿಸಲು ಅವಕಾಶವಿತ್ತು. ದಕ್ಷಿಣದ ತೋಟಗಾರಿಕೆಯ ಸೀಮೆಗಳಲ್ಲಿ ಅದು ಧಾರಾಳವಾಗಿ ಬಳಕೆಗೆ ಬಂತು. ಮುಂಗಡ ಪಡೆದು ಕೆಲಸ ಮಾಡದವನ ಮೇಲೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ಹಿಂತಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಅವರು ಆಜ್ಞೆ ಮಾಡಬಹುದು. ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದಿರುವುದು ಸಿವಿಲ್ ವ್ಯಾಜ್ಯವಾಗಿರಬೇಕಾದಲ್ಲಿ ಆಳಿನ ಪಾಲಿಗೆ ಅದು ಜೈಲಿನ ದಾರಿಯಾಯಿತು. ಒಪ್ಪಂದ ಮುರಿದ ದೊರೆಗೆ ಇಂಥ ಸಜೆ ಇರಲಿಲ್ಲ.

ಚಾರ್ಮಾಡಿಯ ವಿಷಯದಲ್ಲಿ ಇನ್ನೊಂದು ತೊಡಕಿತ್ತು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಆಳ್ವಿಕೆಗೆ ಬಂದ ಮೇಲೆ ತೋಟವಿದ್ದದ್ದು ಸಂಸ್ಥಾನದಲ್ಲಿ, ಆಳಿನ ಮನೆಯಿದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡದಲ್ಲಿ. ಘಟ್ಟ ಇಳಿದರೆ ಸರಕಾರವೇ ಬೇರೆ. ಒಬ್ಬನೇ ಆಳು ಇಬ್ಬರು ಮೇಸ್ತ್ರಿಗಳಿಂದ, ಎರಡು ತೋಟದಿಂದ ಮುಂಗಡ ಪಡೆಯುವುದು, ಹೆಸರು ಬದಲಿಸಿ ಪಕ್ಕದ ತೋಟ ಸೇರುವುದು ಇದರಿಂದ ಸುಲಭವಾಯಿತು. ಒಬ್ಬರ ಆಳನ್ನು ಇನ್ನೊಬ್ಬರು ಸೆಳೆಯುತ್ತಾರೆಂಬುದು ತೋಟದ ಮಾಲೀಕರ ಸಂಘಗಳ ನಿತ್ಯದ ದೂರು. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತದ ಪ್ಲಾಂಟರುಗಳ ಸಂಯುಕ್ತ ಸಂಘ ಉಪಾಸಿ, 1910ರ ದಶಕದಲ್ಲಿ ಆಳು ನೇಮಕದ ವಿಷಯಕ್ಕೆಂದೇ ಕಾರ್ಮಿಕ ಇಲಾಖೆಯೊಂದನ್ನು ತೆರೆಯಿತು. ಸಿಂಹಳದ ತೋಟಗಳಲ್ಲಿ ಇದೇ ಕಾಯಿಲೆಗೆ ‘ತುಂಡು’ ಎಂಬ ಚೀಟಿಯ ಮದ್ದಿತ್ತು: ಇಷ್ಟು ಸಾಲ ತೀರಿಸಿದರೆ ಈ ಆಳನ್ನು ಬಿಟ್ಟುಕೊಡುತ್ತೇವೆ ಎಂದು ಹಳೆಯ ತೋಟ ಬರೆದುಕೊಡುವ ಚೀಟಿ. ಅದು ಜನರನ್ನು ಸಾಲದ ಸಮೇತ ಕೈಬದಲಾಯಿಸುವ ವ್ಯಾಪಾರವಾಯಿತೆಂದು 1921ರಲ್ಲಿ ಅಲ್ಲಿನ ಸರಕಾರ ರದ್ದು ಮಾಡಿತು.

ಇಂದು ಬೆಂಗಳೂರಿನ ಕಂಪನಿಗಳು ನೇಮಕಾತಿಯ ತಂತ್ರಾಂಶಗಳನ್ನು ಹೋಲಿಸಿ ನೋಡುವಾಗ ಕೇಳುವ ಪ್ರಶ್ನೆಗಳಿವೆ: ಅಭ್ಯರ್ಥಿ ಯಾರ ಮೂಲಕ ಬಂದರು, ಒಂದೇ ಹೆಸರು ಎರಡು ಕಡೆ ದಾಖಲಾಗಿದೆಯೇ, ಒಪ್ಪಿಕೊಂಡವರಲ್ಲಿ ಎಷ್ಟು ಮಂದಿ ನಿಜವಾಗಿ ಕೆಲಸಕ್ಕೆ ಸೇರಿದರು. ತೋಟದ ಲೆಕ್ಕ ಬರೆಯುವ ರೈಟರ್ ಇಂಥದೇ ಪ್ರಶ್ನೆಗಳಿಗೆ ಎರಡು ಪುಸ್ತಕಗಳಲ್ಲಿ ಉತ್ತರ ಇಟ್ಟುಕೊಂಡಿರುತ್ತಿದ್ದ. ಮುಂಗಡದ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು, ಅವನ ಬಾಕಿ. ಚೆಕ್ ರೋಲ್ ಎಂಬ ಹಾಜರಿಯ ಪುಸ್ತಕದಲ್ಲಿ ಗ್ಯಾಂಗುವಾರು ಆಳುಗಳ ಹೆಸರು, ಅಡ್ಡಸಾಲಿನಲ್ಲಿ ತಿಂಗಳ ದಿನಗಳು, ಪೂರ್ತಿ ದಿನಕ್ಕೊಂದು ಗುರುತು, ಅರ್ಧ ದಿನಕ್ಕೊಂದು. ಎರಡನ್ನೂ ತಾಳೆ ಹಾಕಿದ ಮೇಲೆಯೇ ಬಟವಾಡೆ. ಮೊದಲ ಪುಸ್ತಕದ ಅಂಕಿ ಎರಡನೆಯದರ ಅಂಕಿಯನ್ನು ನುಂಗಿದರೆ ಆಳು ಬರಿಗೈಯಲ್ಲಿ ಇಳಿಯಬೇಕು, ಇಲ್ಲವೇ ಮರುವರ್ಷಕ್ಕೆ ಮತ್ತೆ ಮುಂಗಡ ಪಡೆಯಬೇಕು.

ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿಯ ಕಥೆ ನಿಂತಿರುವುದು ಈ ಬಾಕಿಯ ಮೇಲೆಯೇ. ಕಾಫಿ ತೋಟದ ರೈಟರ್ ಮನ್ವೇಲ ಸಾಲ ವಸೂಲಿಗೆ ಬರುತ್ತಾನೆ; ಚೋಮನ ಗಂಡುಮಕ್ಕಳಿಬ್ಬರು ಅದನ್ನು ದುಡಿದು ತೀರಿಸಲು ಘಟ್ಟದ ತೋಟಕ್ಕೆ ಹೋಗುತ್ತಾರೆ; ಒಬ್ಬ ಜ್ವರದಿಂದ ಸಾಯುತ್ತಾನೆ, ಮತ್ತೊಬ್ಬ ಅಲ್ಲೇ ಉಳಿದುಬಿಡುತ್ತಾನೆ, ಕೊನೆಗೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ. ಹೆಣ್ಣಾಳಿನ ಬಾಕಿ ಯಾವ ಬೆಲೆಗೆ ಮನ್ನಾ ಆಗುತ್ತಿತ್ತೆಂಬುದನ್ನು ಕಾದಂಬರಿ ಮುಚ್ಚಿಡುವುದಿಲ್ಲ. ಕಚೇರಿಯ ಪುಸ್ತಕಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ಜ್ವರದ ಮಾತು ಬರೀ ಕಾದಂಬರಿಯದಲ್ಲ. ಮಲೇರಿಯಾ ಈ ಮಲೆಗಳ ಆಳು ನೇಮಕವನ್ನು ಕಾಯಿದೆಗಳಿಗಿಂತ ಬಿಗಿಯಾಗಿ ಆಳಿತು. ಬೇಸಿಗೆಯ ಕೊನೆಗೆ ಜ್ವರದ ಕಾಲ ಬಂತೆಂದರೆ ಎಷ್ಟು ಬಾಕಿಯಿದ್ದರೂ ಜನ ನಿಲ್ಲುತ್ತಿರಲಿಲ್ಲ. 1920ರ ದಶಕದ ಕೊನೆಗೆ ಮೈಸೂರು ಸರಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಊರುಗಳಲ್ಲಿ ಮೂಡಿಗೆರೆಯೂ ಒಂದು. ಸ್ವಾತಂತ್ರ್ಯದ ಹೊತ್ತಿಗೆ ಡಿಡಿಟಿ ಬಂದ ಮೇಲೆ ವರ್ಷವಿಡೀ ತೋಟದಲ್ಲಿ ನೆಲೆಸುವುದು ಸಾಧ್ಯವಾಯಿತು. ಕಾಯಂ ಆಳುಗಳು ವಾಸಿಸುವ ಲೈನು ಮನೆಗಳು ತುಂಬಿದ್ದಕ್ಕೆ ಕಾನೂನಿನಷ್ಟೇ ಇದೂ ಕಾರಣವೆನ್ನಬೇಕು.

ಕಾನೂನು ನಿಧಾನವಾಗಿ ತಿರುಗಿತು. 1859ರ ಕಾಯ್ದೆಯನ್ನು ಬ್ರಿಟಿಷ್ ಇಂಡಿಯಾದಲ್ಲಿ 1925ರ ಶಾಸನವೊಂದು ತೆಗೆದುಹಾಕಿತು. ಪಕ್ಕದ ಕೊಡಗಿನ ತೋಟದವರು ಪಟ್ಟು ಹಿಡಿದು 1926ರಲ್ಲಿ ಬೇರೊಂದು ಕಾರ್ಮಿಕ ಕಾಯ್ದೆ ಮಾಡಿಸಿಕೊಂಡು 1931ರವರೆಗೆ ಸಜೆಯ ಬೆದರಿಕೆಯನ್ನು ಉಳಿಸಿಕೊಂಡರು. ಭಾರತದ ಕಾರ್ಮಿಕರ ಕುರಿತ ವಿಟ್ಲಿ ಆಯೋಗ ತನ್ನ 1931ರ ವರದಿಯಲ್ಲಿ ದಕ್ಷಿಣದ ತೋಟಗಳ ನೇಮಕ ಪದ್ಧತಿಯನ್ನು ಪರಿಶೀಲಿಸಿತು. ಡಿ. ವಿ. ರೇಗೆಯವರು ಚಹಾ, ಕಾಫಿ, ರಬ್ಬರ್ ತೋಟಗಳ ಕೆಲಸಗಾರರ ಸ್ಥಿತಿಗತಿಯ ಬಗ್ಗೆ 1946ರಲ್ಲಿ ವರದಿ ಕೊಟ್ಟರು. ಇವುಗಳ ಹಿಂದೆಯೇ 1951ರ ತೋಟ ಕಾರ್ಮಿಕರ ಕಾಯ್ದೆ ಬಂತು, 1954ರಿಂದ ಜಾರಿಯಾಯಿತು. ಮನೆ, ಕುಡಿಯುವ ನೀರು, ವೈದ್ಯಕೀಯ ನೆರವು, 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಶಿಶುಪಾಲನೆಯ ಕೋಣೆ, ಸಂಬಳದ ರಜೆ ಇವೆಲ್ಲ ಮಾಲೀಕನ ಹೊಣೆಯಾದವು. ರಜೆಯಾಗಲಿ ಹೆರಿಗೆ ಭತ್ಯೆಯಾಗಲಿ ದೊರೆಯಬೇಕಾದರೆ ಆಳು ಇಷ್ಟು ದಿನ ದುಡಿದದ್ದಕ್ಕೆ ದಾಖಲೆ ಬೇಕು. ಹೀಗೆ ಬಾಕಿ ವಸೂಲಿಗೆ ನೆರವಾಗುತ್ತಿದ್ದ ಹಾಜರಿ ಪುಸ್ತಕ ಆಳಿನ ಹಕ್ಕಿಗೆ ಸಾಕ್ಷಿಯಾಯಿತು. ಕಾರ್ಮಿಕ ಸಂಘಗಳು ಬೆಳೆದವು, ಕೂಲಿ ದರ ಮಾಲೀಕರ ಸಂಘಗಳೊಡನೆ ಕೂತು ಮಾತಾಡಿ ನಿಗದಿಯಾಗತೊಡಗಿತು. 1956ರ ನವೆಂಬರಿನಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಚಾರ್ಮಾಡಿಯ ಗಡಿಯೂ ಅಳಿಯಿತು. ಮೇಸ್ತ್ರಿಗಳು ಮಾಯವಾಗಲಿಲ್ಲ, ಬಹುಮಂದಿ ತೋಟದ ಸಂಬಳದಾರರಾಗಿ ಕೆಲಸ ಮಾಡಿಸುವವರಾದರು.

1951ರ ಕಾಯ್ದೆಯ ನೆರಳು ಎಲ್ಲ ತೋಟಗಳ ಮೇಲೂ ಬೀಳಲಿಲ್ಲ. ಮೊದಲು 25 ಎಕರೆಗಿಂತ ಇಲ್ಲವೇ 30 ಆಳಿಗಿಂತ ಕಡಿಮೆಯಿದ್ದ ತೋಟಗಳು ಹೊರಗೆ. 1981ರ ತಿದ್ದುಪಡಿ ಆ ಮಿತಿಯನ್ನು 5 ಹೆಕ್ಟೇರು, 15 ಆಳಿಗೆ ಇಳಿಸಿತು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಹಾಗಾಗಿ ಹಾಜರಿ ಪುಸ್ತಕದ ಕಾಲ ಎಂದರೆ ದೊಡ್ಡ ತೋಟಗಳ ಕಾಲವೆಂದೇ ಅರ್ಥ. ಚಿಕ್ಕ ಬೆಳೆಗಾರ ಬಾಯಿಮಾತಿನಲ್ಲೇ ಆಳು ಗೊತ್ತು ಮಾಡಿಕೊಳ್ಳುತ್ತಿದ್ದ.

1990ರ ದಶಕದಲ್ಲಿ ಕಾಫಿ ಮಾರಾಟ ಮುಕ್ತವಾಯಿತು, ದಶಕ ಮುಗಿಯುವಾಗ ಲೋಕದ ಮಾರುಕಟ್ಟೆಯಲ್ಲಿ ದರ ಕುಸಿಯಿತು. ತೋಟಗಳು ಕಾಯಂ ಆಳುಗಳನ್ನು ಕಡಿಮೆ ಮಾಡಿ ಗುತ್ತಿಗೆ ಕೆಲಸಕ್ಕೆ ಹೊರಳಿದವು. ಲೈನಿನ ಮಕ್ಕಳು ಓದಿ ಬೆಂಗಳೂರು, ಮಂಗಳೂರಿಗೆ ಹೊರಟರು. ಬೆಳಿಗ್ಗೆ ಊರೂರಿನಿಂದ ಆಳು ತುಂಬಿಕೊಂಡು ಬರುವ ಜೀಪು, ಪಿಕಪ್‌ಗಳು ರಸ್ತೆಗಿಳಿದವು. ಹಣ್ಣು ಕುಯ್ಯುವುದಕ್ಕೆ ದಿನಗೂಲಿಯ ಬದಲು ಕೆಜಿಗೆ ಇಷ್ಟೆಂಬ ದರ ಬಂತು. ಸಂಜೆ ತೂಕದ ಮುಂದೆ ನಿಂತ ಚೀಲವೇ ಹಾಜರಿ.

ಈಗ ಸುಗ್ಗಿಗೆ ಬರುವವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನವರು ಬಹಳ. ಒಂದೂವರೆ ಶತಮಾನದ ಹಿಂದೆ ಅಸ್ಸಾಮಿನ ಚಹಾ ತೋಟಗಳಿಗೆ ಛೋಟಾನಾಗಪುರದಿಂದ ಆಳು ಸಾಗಿಸಲು ದಲ್ಲಾಳಿಗಳ ಪಡೆಯೇ ಇತ್ತು, 1882ರಲ್ಲಿ ಅದಕ್ಕೆಂದೇ ಕಾಯ್ದೆಯೂ ಆಗಿತ್ತು. ಆಗ ಆಳು ತರಿಸಿಕೊಂಡ ನಾಡು ಈಗ ಆಳು ಕಳಿಸುತ್ತಿದೆ. ಈಗಿನ ವಲಸೆಯಲ್ಲೂ ಗುಂಪಿಗೊಬ್ಬ ಮುಂದಾಳು. ಫೋನಿನಲ್ಲಿ ಮಾತು, ರೈಲಿನ ಖರ್ಚಿಗೆ ಮುಂಗಡ, ಬಂದ ಮೇಲೆ ಆಧಾರ್ ಪ್ರತಿ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಾದ ಕಾಯ್ದೆ ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಪ್ರತಿಯೊಬ್ಬರಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಕೂಲಿಯ ದರವನ್ನೂ ಕಡಿತಗಳನ್ನೂ ಅದರಲ್ಲಿ ಬರೆಯಬೇಕು ಎಂದು ವಿಧಿಸಿತ್ತು. ಆದರೆ ಗುತ್ತಿಗೆದಾರನ ಮೂಲಕ ಬಂದವರಷ್ಟೇ ಅದರ ಲೆಕ್ಕಕ್ಕೆ ಸಿಗುತ್ತಿದ್ದರು. ಅದನ್ನೂ ತೋಟ ಕಾರ್ಮಿಕರ ಕಾಯ್ದೆಯನ್ನೂ ಒಳಗೊಂಡ 2020ರ ಕಾರ್ಮಿಕ ಸಂಹಿತೆ ತಾವಾಗಿಯೇ ಬಂದವರನ್ನೂ ವಲಸೆ ಕಾರ್ಮಿಕರೆಂದು ಗಣಿಸುತ್ತದೆ. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ಪೋರ್ಟಲಿನಲ್ಲಿ ಅಸಂಘಟಿತ ಕೆಲಸಗಾರರು ಆಧಾರ್ ಸಂಖ್ಯೆಯಿಂದ ತಾವೇ ನೋಂದಾಯಿಸಿಕೊಳ್ಳಬಹುದು. ಹೆಸರು, ಊರು, ಕಸುಬು, ಬ್ಯಾಂಕ್ ಖಾತೆ ಅಲ್ಲಿ ದಾಖಲಾಗುತ್ತವೆ. ಕರೆತಂದವನ ಹೆಸರಾಗಲಿ ಅವನು ಕೊಟ್ಟ ಮುಂಗಡವಾಗಲಿ ದಾಖಲಾಗುವುದಿಲ್ಲ.